ಒಂದರ ಕೆಳಗಿನ ಹದಿಮೂರು

ಆಗ ನನಗೆ ಒಂಬತ್ತು ವರ್ಷ. ಈಗ ಎಂಬತ್ತೇಳು. ನಡುವೆ ಎಪ್ಪತ್ತೆಂಟು ವರ್ಷ ಹೋಗಿವೆ. ನನಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ, ಅದಕ್ಕೆ ಈ ಲೆಕ್ಕದಲ್ಲಿ ತಪ್ಪಿಲ್ಲ. ಮೊನ್ನೆ ಮೊಮ್ಮಗಳು ತನ್ನ ಮೊಬೈಲನ್ನು ನನ್ನ ಹಾಸಿಗೆಯ ಪಕ್ಕದಲ್ಲಿಟ್ಟು ಜಳಕಕ್ಕೆ ಹೋಗಿದ್ದಳು. ಮಧ್ಯಾಹ್ನ. ಬಿಸಿಲಿಗೆ ಕಾದ ಗೋಡೆಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಆ ಗಾಜಿನ ಮೇಲೆ ತಾನಾಗಿ ಬೆಳಕು ಬಂದು 13:00 ಎಂದು ಮೂಡಿತು, ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿರುವ ಹಾಗೆ ಇತ್ತು, ಆರಿತು. ಮೊಮ್ಮಗಳು ಬಂದಾಗ ಅದನ್ನು ಆ ಕಡೆ ಇಡು ಎಂದೆ. ಯಾಕಮ್ಮ ಎಂದಳು. ಸುಮ್ಮನೆ ಇಡು ಎಂದೆ. ಯಾಕೆ ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ. ಅದನ್ನು ಬಲ್ಲವರು ಈಗ ನಾನೊಬ್ಬಳೇ.

ನಮ್ಮದು ಮಸ್ಕಿ. ಗುಡ್ಡದ ಬುಡಕ್ಕೆ ನಮ್ಮ ಮಾಳಿಗೆ ಮನೆ. ಗೋಡೆ ಮಣ್ಣಿನದು, ಎರಡು ಮೊಳ ದಪ್ಪ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದ ಹಾಗೆ ತಂಪು. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ಬೀಸುಕಲ್ಲು, ಅದರ ಸುತ್ತ ಯಾವಾಗಲೂ ಚೂರು ಜೋಳದ ಹಿಟ್ಟು. ಆ ಹಿಟ್ಟಿನ ವಾಸನೆ, ಕುಳ್ಳಿನ ಹೊಗೆ, ಆಕಳು ಕಟ್ಟಿದ ಕಡೆಯಿಂದ ಬರುವ ಗಂಜಳದ ವಾಸನೆ, ಗೂಡಿನಲ್ಲಿ ವಿಭೂತಿ. ನಿಮ್ಮ ಮನೆಯೂ ಹೀಗೇ ಇದ್ದಿರಬಹುದು. ಅಲ್ಲಿ ಇದ್ದವರು ಅಪ್ಪ, ಅವ್ವ, ಅಪ್ಪನ ತಾಯಿ ನಮ್ಮ ಆಯಿ, ಅಪ್ಪನ ತಮ್ಮ ಅಮರಪ್ಪ ಕಾಕಾ, ಕಾಕಾನ ಹೆಂಡತಿ ಹಂಪವ್ವ. ಅವಳನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಹೆಚ್ಚು ಕಡಿಮೆ ನಾನೇ ಅವರ ಮಗಳು, ಈರಿ ಎಂದು ಕರೆಯುತ್ತಿದ್ದರು.

ಆ ಮನೆಯಲ್ಲಿ ಗಡಿಯಾರವಿರಲಿಲ್ಲ. ಬೇಕಾಗಿರಲಿಲ್ಲ. ಕೋಳಿ ಕೂಗುವ ಹೊತ್ತು, ಹೊತ್ತು ಹುಟ್ಟುವ ಹೊತ್ತು, ಹೊಲಕ್ಕೆ ಬುತ್ತಿ ಒಯ್ಯುವ ಹೊತ್ತು, ನೆತ್ತಿ ಮೇಲಿನ ಹೊತ್ತು, ದನ ಬರುವ ಹೊತ್ತು, ದೀಪ ಹಚ್ಚುವ ಹೊತ್ತು. ಇನ್ನೂ ಸ್ವಲ್ಪ ಸರಿಯಾಗಿ ಬೇಕೆಂದವರು ಮಸೀದಿಯ ಕಡೆಗೆ ಕಿವಿ ಕೊಡುತ್ತಿದ್ದರು. ಈ ಹೊತ್ತುಗಳು ಅಗಲವಾಗಿದ್ದವು. ಬುತ್ತಿ ಹೊತ್ತು ಎಂದರೆ ಅದರಲ್ಲಿ ಒಬ್ಬಳು ಬಾವಿಗೆ ಹೋಗಿ ಬಂದು, ನೆರೆಯವಳೊಡನೆ ಜಗಳವಾಡಿ, ತಲೆ ಬಾಚಿಕೊಂಡರೂ ಅದು ಬುತ್ತಿ ಹೊತ್ತೇ ಆಗಿರುತ್ತಿತ್ತು. ಒಂದು ಹುಡುಗಿ ಸ್ವಲ್ಪ ನಿದ್ದೆ ಮಾಡಿ ಎದ್ದರೂ ಅದರಲ್ಲಿ ಮುಚ್ಚಿಹೋಗುತ್ತಿತ್ತು.

ಕಾಕಾ ನಿಜಾಮರ ಪಲ್ಟನ್ನಿಗೆ ಸೇರಿ, ಸಮುದ್ರ ದಾಟಿ, ಮೂಡಣ ದಿಕ್ಕಿನ ಲಡಾಯಿಗೆ ಹೋದಾಗ ನಾನು ಇನ್ನೂ ತೊದಲುತ್ತಿದ್ದೆನಂತೆ. ಅಲ್ಲಿ ಸೆರೆ ಸಿಕ್ಕು ಮೂರು ವರ್ಷ ಯಾವ ಸುದ್ದಿಯೂ ಇಲ್ಲದೆ, ಲಡಾಯಿ ಮುಗಿದ ಮೇಲೆ ತಿರುಗಿ ಬಂದ. ಬಂದಾಗ ಅವನ ಮೈಮೇಲೆ ಮಾಂಸವಿರಲಿಲ್ಲ. ಮಾತೂ ಹೆಚ್ಚಿರಲಿಲ್ಲ. ಇದ್ದದ್ದು ಕೈಯಲ್ಲೊಂದು ಗಡಿಯಾರ, ಬಾಯಲ್ಲಿ ಹೊತ್ತು ಹೇಳುವ ಒಂದು ರೀತಿ. ಬೆಳಗಿನ ಐದಕ್ಕೆ ಎದ್ದು ಅಂಗಳದಲ್ಲಿ ನಿಂತು "ಸೊನ್ನಿ ಐದು ನೂರು" ಎನ್ನುತ್ತಿದ್ದ. ಮಧ್ಯಾಹ್ನ ಎರಡೂವರೆಗೆ "ಹದಿನಾಲ್ಕು ಮೂವತ್ತು." ದನ ಬರುವ ಹೊತ್ತಿಗೆ "ಹದಿನೆಂಟು ನೂರು." ಒಮ್ಮೊಮ್ಮೆ ಪಲ್ಟನ್ನಿನ ಉರ್ದು ಮಾತಿನಲ್ಲಿ "ತೇರಾ ಸೌ", "ಸೋಲಾ ಸೌ" ಎಂದೂ ಬರುತ್ತಿತ್ತು. ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಎಣಿಕೆ ತಪ್ಪಿದರೆ ಯಾರಿಗೋ ಏನೋ ಆಗುತ್ತದೆ ಎಂಬ ಹಾಗೆ.

ಸಂತೆಯ ದಿನ ಜನ ಬೇಕೆಂದೇ ಅವನನ್ನು ನಿಲ್ಲಿಸಿ ಕೇಳುತ್ತಿದ್ದರು. "ಅಮರಪ್ಪ, ಎಷ್ಟಾತೋ?"

"ಹದಿನೈದು ನೂರು."

"ಇವತ್ತಿಂದೋ, ನಾಳಿಂದೋ?"

ಕಾಕಾ ನಗುತ್ತಿರಲಿಲ್ಲ. ಆಯಿಗೆ ಇದು ಮೊದಲಿನಿಂದಲೂ ಸೇರಲಿಲ್ಲ. "ಹನ್ನೆರಡಕ್ಕ ಗಡಿಯಾರ ಮುಗಿತೈತೋ, ಅದರ ಮ್ಯಾಲಿನ ಗಂಟಿ ಯಾರವು?" ಎಂದು ಕೇಳುತ್ತಿದ್ದಳು. "ಇದ್ದವರಿಗೆ ಹನ್ನೆರಡು ಸಾಕು. ನೀ ಅಲ್ಲಿಂದ ಏನೋ ಬೆನ್ನಿಗೆ ಹಚಗೊಂಡು ಬಂದೀದಿ."

ಒಮ್ಮೆ ಮಾತ್ರ ಕಾಕಾ ಉತ್ತರ ಕೊಟ್ಟ. "ಯವ್ವಾ, ಒಂದು ಗಂಟಿ ಅಂದ್ರ ದಿನಕ್ಕ ಎರಡು ಅದಾವ. ಯಾವುದು ಅಂತ ಕೇಳಕೋಂತ ನಿಂತ್ರ ಅಲ್ಲಿ ಮಂದಿ ಸಾಯ್ತಿದ್ರು. ಹದಿಮೂರು ಅಂದ್ರ ಒಂದ ಐತಿ. ತಪ್ಪಾಕ ಜಾಗ ಇಲ್ಲ."

ಆ ಗಡಿಯಾರವನ್ನು ಸತ್ತ ಗೋರಾ ಸಿಪಾಯಿಯ ಕೈಯಿಂದ ಬಿಚ್ಚಿಕೊಂಡದ್ದು ಎಂದು ಊರಲ್ಲಿ ಆಡುತ್ತಿದ್ದರು. ಕಾಕಾ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಬಿಳಿಯ ಮುಖ, ಕರಿಯ ಅಂಕಿ ಒಂದರಿಂದ ಹನ್ನೆರಡು. ಅವುಗಳ ಒಳಗಡೆಗೆ ಇನ್ನೊಂದು ಸುತ್ತು, ಸಾಸಿವೆಯಷ್ಟು ಸಣ್ಣ ಕೆಂಪು ಅಂಕಿ, ಹದಿಮೂರರಿಂದ ಇಪ್ಪತ್ತನಾಲ್ಕು. ಒಂದರ ಕೆಳಗೆ ಹದಿಮೂರು, ಎರಡರ ಕೆಳಗೆ ಹದಿನಾಲ್ಕು. ಕಾಕಾ ನನ್ನನ್ನು ಮಡಿಲಲ್ಲಿ ಕೂಡಿಸಿಕೊಂಡು ಕಲಿಸಿದ. ಊರಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ. ನಾನು ಅಂಕಿ ಕಲಿತದ್ದು ಆ ಮುಖದಿಂದ. ಬೆಳಿಗ್ಗೆ ಹೊರಗಿನ ಕರಿಯದನ್ನು ಓದಬೇಕು, ಹೊತ್ತು ನೆತ್ತಿ ದಾಟಿದ ಮೇಲೆ ಒಳಗಿನ ಕೆಂಪನ್ನು ಓದಬೇಕು. ಮುಳ್ಳು ಅದೇ, ಜಾಗ ಅದೇ, ಆದರೆ ಮಧ್ಯಾಹ್ನವಾದ ಕೂಡಲೇ ಕೆಳಗೆ ಅಡಗಿ ಕುಳಿತದ್ದು ಮೇಲೆ ಬರುತ್ತದೆ. ನನಗೆ ಅದರಲ್ಲಿ ಹದಿಮೂರೆಂದರೆ ಹೆದರಿಕೆ. ನೆತ್ತಿ ಮೇಲಿನ ಹೊತ್ತಿಗೆ ಹೊರಗೆ ಹೋಗಬೇಡ, ಗಾಳಿ ಸೋಂಕುತ್ತದೆ ಎಂದು ಆಯಿ ಹೇಳುತ್ತಿದ್ದಳು. ಓಣಿಯಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ, ನೆರಳು ಕಾಲಿನ ಕೆಳಗೆ ಹೋಗಿ ಸೇರಿರುತ್ತಿತ್ತು. ಆ ಹೊತ್ತಿಗೆ ಒಂದು ಹೆಸರಿದೆ, ಅದು ಕೆಂಪಗೆ ಬರೆದಿದೆ ಎಂದು ಗೊತ್ತಾದ ಮೇಲೆ ಅದು ಇನ್ನೂ ಹತ್ತಿರ ಬಂದ ಹಾಗಾಯಿತು.

ಚಿಗವ್ವ ಮಾತ್ರ ಇದನ್ನೆಲ್ಲ ನಗುವಿನಲ್ಲಿ ಕಳೆಯುತ್ತಿದ್ದಳು. ಪಲ್ಟನ್ನಿನಲ್ಲಿ ಕಾವಲಿನ ಸಂತ್ರಿ ಹೊತ್ತು ಕೂಗಿದರೆ ಆ ಕಡೆಯ ಸಂತ್ರಿ ಎಲ್ಲ ಕ್ಷೇಮ ಎಂದು ತಿರುಗಿ ಕೂಗಬೇಕಂತೆ. ಕಾಕಾ ಅದನ್ನು ಹೇಳಿದ್ದೇ ತಡ, ಅವಳು ಹಿಡಿದುಕೊಂಡಳು. ಅವನು ಅಂಗಳದಿಂದ "ಹದಿಮೂರು ನೂರು" ಎಂದರೆ ಇವಳು ಬೀಸುಕಲ್ಲಿನ ಮುಂದಿನಿಂದ "ಎಲ್ಲಾ ಠೀಕೈತ್ರಿ" ಎನ್ನುತ್ತಿದ್ದಳು. ಅವಳಿಗೆ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. "ಹನ್ನೆರಡಕ್ಕ ಬಿಟ್ಟಿದ್ರ ನಮ್ಮಂಥಾರಿಗೆ ಕೈಬೆಳ್ಳಿನ ಗೆಣ್ಣು ಸಾಲತಿದ್ದವು. ನಿಮ್ಮ ಸರಕಾರಕ್ಕ ಎಲ್ಲಾ ಹೆಚ್ಚಿಗಿ ಬೇಕು" ಎನ್ನುತ್ತಿದ್ದಳು. ಅವಳ ಉತ್ತರ ಬಂದ ಮೇಲೆಯೇ ಕಾಕಾ ಅಂಗಳ ಬಿಟ್ಟು ಸರಿಯುತ್ತಿದ್ದ. ಅವಳು ಬಾವಿಗೆ ಹೋಗಿದ್ದರೆ ಬರುವ ತನಕ ಅಲ್ಲೇ ನಿಂತಿರುತ್ತಿದ್ದ. ಬಿಸಿಲಿರಲಿ, ಏನಿರಲಿ.

ಶಿವರಾತ್ರಿ ಕಳೆದು ಜೋಳದ ರಾಶಿಯ ಕಾಲ. ಚಿಗವ್ವನಿಗೆ ಚಳಿಜ್ವರ ಹಿಡಿದು ಎಂಟು ದಿನವಾಗಿತ್ತು. ಊರಿನ ಹಕೀಮರ ಪುಡಿಯಿಂದ ಬಿಡಲಿಲ್ಲ. ಲಿಂಗಸುಗೂರಿನ ದವಾಖಾನೆಯಲ್ಲಿ ಇದಕ್ಕೆ ಗುಳಿಗೆ ಕೊಡುತ್ತಾರೆಂದು ಕಾಕಾ ಒಂದು ಸಂಜೆ ಚಕ್ಕಡಿ ಕಟ್ಟಿದ. ಹೋಗುವ ಮುಂಚೆ ಗಡಿಯಾರ ಬಿಚ್ಚಿ ನನ್ನ ಮುಂಗೈಗೆ ಕಟ್ಟಿದ. ಅದು ಜಾರಿ ಮೊಳಕೈಗೆ ಹೋಯಿತು. "ನಾಳಿ ನಾ ಬರೋ ತನಕ ನೀ ಸಂತ್ರಿ" ಎಂದ. "ತಾಸಿಗೊಮ್ಮೆ ಹಣಿ ಮ್ಯಾಲಿನ ಬಟ್ಟಿ ತೋಯ್ಸು. ಎರಡು ಚಮಚಾ ಗಂಜಿ ಹಾಕು. ಎಷ್ಟಕ್ಕ ಏನಾತು ನೆನಪಿಡು, ಬಂದು ಕೇಳತೀನಿ. ಜಾಗ ಬಿಟ್ಟು ಏಳಬಾರದು. ಸಂತ್ರಿ ಜಾಗ ಬಿಡೂದಿಲ್ಲ."

"ಇಕಿಗ್ಯಾಕ ಹಚ್ಚತಿಯೋ, ನಾವಿಲ್ಲೇನು?" ಎಂದಳು ಆಯಿ.

"ನಿಮಗ ಹೊತ್ತು ಗೊತ್ತಾಗೂದಿಲ್ಲ" ಎಂದು ಕಾಕಾ ಹೊರಟುಹೋದ.

ಮರುದಿನ ಬೆಳಿಗ್ಗೆ ಚಿಗವ್ವನ ಜ್ವರ ಇಳಿದಿತ್ತು. ಎದ್ದು ಕುಳಿತು ನನ್ನ ಜಡೆಗೆ ಕೈ ಹಾಕಿದಳು. ಕಣದಲ್ಲಿ ಅಂದು ಗಾಳಿ ಎದ್ದಿತ್ತು. ತೂರುವ ಗಾಳಿ ಬಿಟ್ಟರೆ ಮತ್ತೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು. ಅಪ್ಪ ಅವ್ವ ನಸುಕಿನಲ್ಲೇ ಹೋಗಿದ್ದರು. ಹನ್ನೊಂದರ ಹೊತ್ತಿಗೆ ಆಯಿ ಬುತ್ತಿ ಹೊತ್ತುಕೊಂಡು ಹೋದಳು, ಕೈ ಕಡಿಮೆ ಇದ್ದದ್ದರಿಂದ ಅಲ್ಲೇ ಉಳಿದಳು. ಮನೆಯಲ್ಲಿ ನಾನು, ಚಿಗವ್ವ, ಗಡಿಯಾರ. ಹನ್ನೊಂದಕ್ಕೆ ಬಟ್ಟೆ ತೋಯಿಸಿದೆ, ಗಂಜಿ ಹಾಕಿದೆ. ಹನ್ನೆರಡಕ್ಕೆ ತೋಯಿಸಿದೆ, ಹಾಕಿದೆ. ಜ್ವರ ಮತ್ತೆ ಏರುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ತುಟಿ ಆಡುತ್ತಿದ್ದವು. ನನ್ನ ಕಣ್ಣು ಕೆಂಪು ಹದಿಮೂರಿನ ಮೇಲಿತ್ತು. ಮುಳ್ಳು ಅದರ ಕಡೆಗೆ ಹೋಗುವುದು ಕಾಣುವುದಿಲ್ಲ, ನಿಮಗೆ ಗೊತ್ತಲ್ಲ, ಆದರೆ ಹೋಗಿರುತ್ತದೆ. ತಂಪು ಗೋಡೆಗೆ ಒರಗಿ ಅದನ್ನೇ ನೋಡುತ್ತ ಕುಳಿತೆ.

ಎಚ್ಚರವಾದಾಗ ಮುಳ್ಳು ಹದಿನಾರರ ಮೇಲಿತ್ತು.

ಹಣೆಯ ಬಟ್ಟೆ ಒಣಗಿ ಹಪ್ಪಳದ ಹಾಗಾಗಿತ್ತು. ಗಂಜಿಯ ಮೇಲೆ ಕೆನೆಗಟ್ಟಿತ್ತು. ಚಿಗವ್ವನ ಕಣ್ಣು ತೆರೆದಿತ್ತು, ನನ್ನ ಕಡೆಗೆ ತಿರುಗಿತ್ತು. ಕೈ ಮುಟ್ಟಿದೆ. ಗೋಡೆಯಷ್ಟೇ ತಣ್ಣಗಿತ್ತು. ನಾನು ಅಳಲಿಲ್ಲ. ಮೊದಲು ಮಾಡಿದ್ದು, ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಹಣೆಯ ಮೇಲೆ ಹಾಕಿದ್ದು. ಆಮೇಲೆ ಗಂಜಿಯನ್ನು ಮುಸುರೆ ಬಾನಿಗೆ ಚೆಲ್ಲಿದ್ದು. ಒಂಬತ್ತು ವರ್ಷದವಳಿಗೆ ಇಷ್ಟು ಬುದ್ಧಿ ಎಲ್ಲಿಂದ ಬರುತ್ತದೆ ಎಂದರೆ, ಬರುತ್ತದೆ. ಬಂದು ಕುಳಿತೆ. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

ಹದಿನೇಳಕ್ಕೆ ಕಾಕಾ ಬಂದ. ಹಿಂದೆಯೇ ಕಣದಿಂದ ಆಯಿ, ಅವ್ವ, ಅಪ್ಪ. ಅವ್ವ ಬಾಯಿ ಬಡಿದುಕೊಂಡಳು. ಕಾಕಾ ಗುಳಿಗೆಯ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

"ಎಷ್ಟಕ್ಕ?"

ಗೊತ್ತಿಲ್ಲ ಎನ್ನಬಹುದಿತ್ತು. ಅವನ ಮುಖ ನೋಡಿದರೆ ಗೊತ್ತಿಲ್ಲ ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಹದಿನಾರು ಎಂದರೆ ಮೈ ಇಷ್ಟು ಯಾಕೆ ತಣ್ಣಗಾಗಿದೆ ಎಂದು ಆಯಿ ಕೇಳುತ್ತಾಳೆ.

"ಹದಿಮೂರು ನೂರು" ಎಂದೆ.

"ಮತ್ತ ಬಂದು ಕರೀಬಾರದೇನಬೇ ನಮ್ಮನ್ನ?" ಎಂದು ಅವ್ವ ಚೀರಿದಳು.

"ಸಂತ್ರಿ ಜಾಗ ಬಿಟ್ಟು ಏಳಬಾರದು ಅಂದಿದ್ದ ಕಾಕಾ."

ಕಾಕಾ ಎದ್ದು ನಿಂತು ಎಲ್ಲರಿಗೂ ಹೇಳಿದ. "ಬೈಬ್ಯಾಡ್ರಿ ಈರೀಗೆ. ನಾಲ್ಕು ತಾಸು ಹೆಣದ ಮುಂದ ಒಬ್ಬಾಕಿ ಕುಂತಾಳ, ಕಾವಲು ಬಿಟ್ಟಿಲ್ಲ. ನಮ್ಮ ಪಲ್ಟನ್ಯಾಗ ಇಂಥಾ ಗಂಡಸರು ನಾಲ್ಕು ಮಂದಿ ಇರಲಿಲ್ಲ." ಅಷ್ಟು ಮಾತು ಅವನು ಒಂದೇ ಸಲಕ್ಕೆ ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವನ ಕೈ ನನ್ನ ತಲೆಯ ಮೇಲಿತ್ತು. ಆ ಕೈ ಇಂದಿಗೂ ಭಾರ.

ಮಣ್ಣು ಮಾಡಿ ಬಂದ ಮೇಲೆ ಮಠದ ಅಯ್ಯನವರು ಕಟ್ಟೆಯ ಮೇಲೆ ಕುಳಿತು ಪಂಚಾಂಗ ಬಿಚ್ಚಿದರು. ನಮ್ಮ ಕಡೆ ಯಾರೇ ಸತ್ತರೂ ಮೊದಲು ಹೊತ್ತು ಕೇಳುತ್ತಾರೆ. ಪ್ರಾಣ ಹೋದ ಹೊತ್ತಿನ ನಕ್ಷತ್ರ ಕೆಟ್ಟದ್ದಿದ್ದರೆ ಮನೆ ಬಿಡಬೇಕು: ಬಾಗಿಲಿಗೆ ಮುಳ್ಳು ಹಚ್ಚಿ ಮೂರು ತಿಂಗಳೋ ಆರು ತಿಂಗಳೋ ಬೇರೆ ಕಡೆ ಇರಬೇಕು. ಆ ಅವಧಿಯಲ್ಲಿ ಮನೆ ಸತ್ತವರದ್ದು. ಅಯ್ಯನವರು ಯಾವ ಹೊತ್ತು ಎಂದರು. ಅಪ್ಪ "ಹದಿಮೂರು ಅಂತಾರ್ರೀ" ಎಂದ. ಅಯ್ಯನವರು ಕನ್ನಡಕದ ಮೇಲಿಂದ ನೋಡಿದರು.

"ನನ್ನ ಪಂಚಾಂಗದಾಗ ಅಂಥಾ ಹೊತ್ತಿಲ್ಲಪ್ಪ."

"ಹೊತ್ತು ನೆತ್ತಿ ದಾಟಿ ಒಂದು ತಾಸಿಗ್ರಿ" ಎಂದ ಕಾಕಾ.

ಅಯ್ಯನವರು ಬೆರಳು ಮಡಿಸಿ ಎಣಿಸಿದರು. "ನೆತ್ತಿ ದಾಟಿ ಎರಡು ತಾಸಿನ ಮ್ಯಾಲ ನಕ್ಷತ್ರ ಬದಲಾಗೇತಿ. ಎರಡರ ಮ್ಯಾಲ ಹೋಗಿದ್ರ ಏನೂ ಇರಲಿಲ್ಲ. ಒಂದಕ್ಕ ಅಂದ್ರ ಮನಿ ಬಿಡಬೇಕು, ಮೂರು ತಿಂಗಳು." ಪುಟ ಮುಚ್ಚದೆ ನನ್ನ ಕಡೆ ತಿರುಗಿದರು. "ಖರೇ ನೋಡಿದೇನವ್ವ? ಸಣ್ಣಾಕಿ ನೀ, ತಪ್ಪಿರಬೇಕು."

ಎಲ್ಲರೂ ನನ್ನನ್ನು ನೋಡಿದರು. ಆಯಿ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಆ ಮನೆಗೆ ಅವಳು ಹನ್ನೆರಡು ವರ್ಷದ ಸೊಸೆಯಾಗಿ ಬಂದವಳು. ತಪ್ಪಿತು, ನಿದ್ದೆ ಬಂದಿತ್ತು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಕಾ ನನಗಿಂತ ಮೊದಲೇ ಹೇಳಿಬಿಟ್ಟ. "ಇಕಿ ತಪ್ಪೂದಿಲ್ರಿ."

"ಖರೆ" ಎಂದೆ.

ಮರುದಿನವೇ ಬಿಟ್ಟೆವು. ಪಾತ್ರೆ, ಕೌದಿ, ಜೋಳದ ಚೀಲ, ಆಕಳು. ಬೀಸುಕಲ್ಲು ಭಾರವೆಂದು ಬಿಟ್ಟರು. ಬೀಸಲು ಪಕ್ಕದ ಹೊಲದವರ ಕಲ್ಲಿಗೆ ಹೋದರಾಯಿತು ಎಂದಳು ಆಯಿ. ಅಪ್ಪ ಬಾಗಿಲಿಗೆ ಬೀಗ ಹಾಕಿ, ಜಾಲಿಯ ಮುಳ್ಳನ್ನು ಎದೆಯೆತ್ತರ ಹಚ್ಚಿದ. ಯಾರೂ ಹಿಂದೆ ನೋಡಬಾರದು. ಕಣದ ಪಕ್ಕದಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡೆವು. ಗಾಳಿ ಬೀಸಿದರೆ ಇಡೀ ಗುಡಿಸಲು ಉಸಿರಾಡುತ್ತಿತ್ತು.

ಕಾಕಾ ಅಲ್ಲಿ ಮಲಗುತ್ತಿದ್ದನೇ ಹೊರತು ಅಲ್ಲಿ ಇರಲಿಲ್ಲ. ದಿನವೂ ಹೊತ್ತು ಏರುತ್ತಿದ್ದ ಹಾಗೆ ಊರ ಕಡೆಗೆ ನಡೆಯುತ್ತಿದ್ದ. ಮನೆಯ ಮುಂದೆ ಬಿಸಿಲಲ್ಲಿ ನಿಂತು, ಹದಿಮೂರಕ್ಕೆ ಸರಿಯಾಗಿ "ಹದಿಮೂರು ನೂರು" ಎಂದು ಕೂಗಿ, ನಿಲ್ಲುತ್ತಿದ್ದ. ಮಧ್ಯಾಹ್ನದ ಊಟ ಬಿಟ್ಟುಬಿಟ್ಟ. ಯಾಕೆ ಎಂದು ಅವ್ವ ಕೇಳಿದ್ದಕ್ಕೆ ಹೇಳಿದ: ಲಿಂಗಸುಗೂರಿನಿಂದ ಬರುವಾಗ ಎತ್ತು ಬಿಚ್ಚಿ, ಬೇವಿನ ನೆರಳಲ್ಲಿ ರೊಟ್ಟಿ ತಿಂದು ಸ್ವಲ್ಪ ಅಡ್ಡಾಗಿದ್ದ. "ಆಗ ಹದಿಮೂರು ಆಗಿತ್ತು. ನೆರಳು ನೋಡಿದ್ದೆ. ಗುಳಿಗಿ ಕಿಸೇದಾಗ ಇದ್ದವು." ಅಷ್ಟೇ ಹೇಳಿದ. ಅವ್ವ ದಿನವೂ ನನ್ನ ಕೈಯಲ್ಲಿ ರೊಟ್ಟಿ ಕಟ್ಟಿ ಅಲ್ಲಿಗೆ ಕಳಿಸುತ್ತಿದ್ದಳು. ದಿನವೂ ಅವನು ಮುಟ್ಟದ್ದನ್ನು ಹೊಲದ ನಾಯಿಗೆ ಹಾಕಿ ಬರಿ ಬಟ್ಟೆ ತಿರುಗಿ ತರುತ್ತಿದ್ದೆ. ಒಂದು ತಿಂಗಳಲ್ಲಿ ಅವನು ಲಡಾಯಿಯಿಂದ ಬಂದಾಗಿನ ಹಾಗಾದ. ಕೆನ್ನೆ ಒಳಗೆ ಹೋಯಿತು, ಕೊರಳ ನರ ಎದ್ದವು. "ಇವನೂ ಹೋಗತಾನ" ಎಂದು ಆಯಿ ಒಲೆಯ ಮುಂದೆ ಯಾರಿಗೂ ಅಲ್ಲದ ಹಾಗೆ ಹೇಳಿದಳು. "ಆಕಿ ಕರಿಯಾಕತ್ತಾಳ."

ನಾನು ರೊಟ್ಟಿ ಹಿಡಿದು ಅವನ ಹಿಂದೆ ನಿಂತಿರುತ್ತಿದ್ದೆ. ಓಣಿಯಲ್ಲಿ ಯಾರೂ ಇಲ್ಲ. ಗುಡ್ಡದ ಕಲ್ಲು ಕಾದು ಗಾಳಿ ನಡುಗುತ್ತಿರುತ್ತಿತ್ತು, ಜಾಲಿಯ ಮುಳ್ಳು ಒಣಗಿ ಬೆಳ್ಳಗಾಗಿ ಒಂದು ಥರದ ಸಿಹಿ ವಾಸನೆ. ಕಾಕಾ ಕೂಗುತ್ತಿದ್ದ. ಆಮೇಲೆ ಸದ್ದಿಲ್ಲ. ನಾನು ಹೋಗಲು ಶುರುಮಾಡಿದ ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಅವನು ಕೂಗಿ ಸುಮ್ಮನಾದ ಮೇಲೆ, ಒಳಗೆ ಬೀಸುಕಲ್ಲು ಅರ್ಧ ಸುತ್ತು ತಿರುಗಿತು. ಬೀಸುಕಲ್ಲಿನ ಸದ್ದು ನನಗೆ ಗೊತ್ತು. ಅದರ ಮುಂದೆ ಮಲಗಿ ಬೆಳೆದವಳು ನಾನು. ಗರ್ ಎಂದು ಅರ್ಧ ಬಂದು ನಿಂತಿತು. ಕಾಕಾನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನು ಅಲುಗಲಿಲ್ಲ. ಇಲಿ ಎನ್ನಿರಿ. ನಾನೂ ಹಾಗೇ ಅಂದುಕೊಂಡೆ. ಇಲಿ ಹಿಟ್ಟು ತಿನ್ನುತ್ತದೆ, ಕಲ್ಲು ತಿರುಗಿಸುವುದಿಲ್ಲ. ಮರುದಿನವೂ ಬಂತು. ಅದರ ಮರುದಿನವೂ. ಯಾವಾಗಲೂ ಅರ್ಧವೇ. ಏನನ್ನೋ ಹೇಳಲು ಹೋಗಿ, ಅದು ಸರಿಯಲ್ಲವೆಂದು ನಿಲ್ಲಿಸಿದ ಹಾಗೆ.

ಆಗ ನನಗೆ ಒಂದು ವಿಚಾರ ಹೊಕ್ಕಿತು. ಚಿಗವ್ವ ಹದಿಮೂರಕ್ಕೆ ಸತ್ತಿರಲಿಕ್ಕಿಲ್ಲ. ಆ ಹೊತ್ತನ್ನು ಅವಳಿಗೆ ಕೊಟ್ಟವಳು ನಾನು. ಕಾಕಾ ದಿನವೂ ಅವಳನ್ನು ಅವಳದಲ್ಲದ ಹೊತ್ತಿಗೆ ಕರೆಯುತ್ತಿದ್ದಾನೆ, ಅವಳು ದಿನವೂ ಎದ್ದು ಬಂದು, ಇದು ನನ್ನ ಹೊತ್ತಲ್ಲ ಎಂದು ತಿರುಗಿ ಹೋಗುತ್ತಿದ್ದಾಳೆ. ಹೀಗೇ ಇಬ್ಬರೂ ಸವೆದುಹೋಗುತ್ತಾರೆ. ನಾನು ಬಾಯಿ ಬಿಡದಿದ್ದರೆ ಕಾಕಾ ಅಲ್ಲೇ ಬೀಳುತ್ತಾನೆ. ಬಿಟ್ಟರೆ ಅವನ ಕೈ ನನ್ನ ತಲೆಯ ಮೇಲೆ ಮತ್ತೆ ಬರುವುದಿಲ್ಲ. ಹತ್ತು ದಿನ ತೂಗಿ ನೋಡಿದೆ. ಒಳ್ಳೆಯವಳೆಂದು ಹೇಳುತ್ತಿಲ್ಲ, ಹತ್ತು ದಿನ ಸುಮ್ಮನಿದ್ದೆ.

ಹನ್ನೊಂದನೆಯ ದಿನ ಅವನು ಕೂಗಲು ಬಾಯಿ ತೆರೆದವನು, ಹಾಗೇ ನೆಲಕ್ಕೆ ಕುಳಿತುಬಿಟ್ಟ. ನಾನು ಓಡಿ ಹೋಗಿ ಮುಂದೆ ನಿಂತೆ. "ಕಾಕಾ, ಹದಿಮೂರಲ್ಲ" ಎಂದೆ.

ಅವನು ಗಡಿಯಾರ ನೋಡಿಕೊಂಡ. "ಐತಿ."

"ಇವತ್ತಿಂದಲ್ಲ. ಚಿಗವ್ವಂದು. ನಾ ಮಲಗಿದ್ದೆ."

ಬಿಸಿಲು ಅವನ ಮುಖದ ಮೇಲಿತ್ತು, ಆದರೂ ಕಣ್ಣು ಕಿರಿದು ಮಾಡಲಿಲ್ಲ. "ಎಷ್ಟಕ್ಕ ಮಲಗಿದಿ?"

"ಹನ್ನೆರಡರ ಬಟ್ಟಿ ಹಾಕಿದ ಮ್ಯಾಲ."

"ಎದ್ದಿದ್ದು?"

"ಹದಿನಾರು ನೂರು."

"ನಾಲ್ಕು ತಾಸು" ಎಂದ. "ಅದರಾಗ ಯಾವುದು?"

"ಗೊತ್ತಿಲ್ಲ."

"ಯಾರಿಗೂ?"

"ಯಾರಿಗೂ ಗೊತ್ತಿಲ್ಲ ಕಾಕಾ."

ಹೊಡೆಯುತ್ತಾನೆ ಎಂದು ಕಾದೆ. ಅವನು ನೆಲದ ಮಣ್ಣನ್ನು ಅಂಗೈಯಿಂದ ಸವರುತ್ತಿದ್ದ. "ಕಾವಲಿನ್ಯಾಗ ಮಲಗಿದಾವಗ ಏನ ಮಾಡತಾರ ಗೊತ್ತೇನು?" ಎಂದ. ನಾನು ಇಲ್ಲ ಎಂದು ತಲೆ ಆಡಿಸಿದೆ. "ನನಗ ಗೊತ್ತೈತಿ" ಎಂದ. "ನಾ ಮಾಡೀನಿ, ಬಂದೂಕ ನನ್ನ ಕೈಯಾಗ ಇತ್ತು. ಮಲಗಿದಾವ ನಿನಗಿಂತ ಏಳೆಂಟು ವರ್ಷ ದೊಡ್ಡಾವ ಇದ್ದ, ಅಷ್ಟ." ಅದಕ್ಕಿಂತ ಹೆಚ್ಚು ಅವನು ಆಗಲೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ನನ್ನ ಕೈಯಿಂದ ರೊಟ್ಟಿಯ ಗಂಟು ತೆಗೆದುಕೊಂಡ. ಬಿಚ್ಚಿದ. ಒಂದು ರೊಟ್ಟಿ ಪೂರ್ತಿ ತಿಂದ, ಪುಂಡಿಪಲ್ಯೆ ಬೆರಳಿಂದ ನೆಕ್ಕಿದ. ಆಮೇಲೆ ಎದ್ದು, "ಆಯಿಗೆ ಹೇಳಬ್ಯಾಡ. ಮನಿ ಬಿಟ್ಟಿದ್ದಾತು" ಎಂದ. ಅಂದು ಅವನು ಹೊತ್ತು ಕೂಗಲಿಲ್ಲ.

ನಾವು ಹತ್ತು ಹೆಜ್ಜೆ ಹೋಗಿರಬೇಕು. ಹಿಂದೆ, ಮುಚ್ಚಿದ ಮನೆಯೊಳಗೆ, ಬೀಸುಕಲ್ಲು ಒಂದು ಸುತ್ತು ಪೂರ್ತಿ ತಿರುಗಿತು. ನಿಧಾನವಾಗಿ, ಕಾಳು ಹಾಕಿ ಬೀಸುವವರ ಕೈಯ ಹಾಗೆ, ಶುರುವಾದಲ್ಲಿಗೆ ಬಂದು ನಿಂತಿತು. ಕಾಕಾನ ಹೆಜ್ಜೆ ಒಂದು ಗಳಿಗೆ ತಡೆಯಿತು. ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ಆ ಮನೆಗೆ ನಾವು ಮತ್ತೆ ಹೋಗಲಿಲ್ಲ. ಮೂರು ತಿಂಗಳು ತುಂಬುವ ಮುಂಚೆ ದೊಡ್ಡ ಮಳೆ ಬಂತು. ಮಾಳಿಗೆಗೆ ಮೇಲುಮುದ್ದೆಯ ಮಣ್ಣು ಹಾಕಿ ತುಳಿಯುವವರಿಲ್ಲದೆ ಅದು ಸೋರಿ, ಪಡಸಾಲೆಯ ತೊಲೆ ಕುಸಿಯಿತು. ಅದನ್ನು ಎತ್ತುವಷ್ಟರಲ್ಲಿ ನಿಜಾಮರ ಆಳ್ವಿಕೆ ಮುಗಿಯುವ ಗದ್ದಲದ ವರ್ಷಗಳು ಬಂದವು, ಊರ ಅರ್ಧ ಮಂದಿ ಅವರ ಸೀಮೆಯ ಗಡಿ ದಾಟಿ ಹೋದರು, ನಾವೂ ಹೋದೆವು. ತಿರುಗಿ ಬಂದಾಗ ಅಲ್ಲಿ ಮಣ್ಣಿನ ದಿಬ್ಬವಿತ್ತು, ಮೇಲೆ ಎಕ್ಕೆ ಗಿಡ. ಆಯಿ ಅದನ್ನು ನೋಡಿ, "ಒಂದು ತಾಸಿಗೆ ಹೋತು ನನ್ನ ಮನಿ" ಎಂದಳು. ಒಂದು ತಾಸು ಹೆಚ್ಚು ಕಡಿಮೆ ಎಂಬ ಅರ್ಥದಲ್ಲಿ ಅಂದದ್ದು. ಅವಳಿಗೆ ನಾನು ಹೇಳಲೇ ಇಲ್ಲ. ಅಪ್ಪನಿಗೂ, ಅವ್ವನಿಗೂ. ಅವರೆಲ್ಲ ಹೋದರು. ಕಾಕಾ ಇನ್ನೂ ಹನ್ನೊಂದು ವರ್ಷ ಬದುಕಿದ, ಹೊಲ ಮಾಡಿದ, ನನ್ನ ಮದುವೆಯಲ್ಲಿ ಚಪ್ಪರ ಹಾಕಿದ. ಹೊತ್ತು ಹೇಳುವುದನ್ನು ಬಿಡಲಿಲ್ಲ, ಆದರೆ ಮೆಲ್ಲಗೆ, ತನ್ನಷ್ಟಕ್ಕೆ. ನನ್ನನ್ನು ಮತ್ತೆ ಎಷ್ಟಾಯಿತೆಂದು ಕೇಳಲಿಲ್ಲ.

ಮನೆಯ ಮುಂದೆ ನಾನು ನಿಜ ಹೇಳಿದ ಮರುದಿನ ಬೆಳಿಗ್ಗೆ ಕಾಕಾ ಬೇಗ ಏಳಲಿಲ್ಲ. ಸೊನ್ನೆ ಐದು ನೂರಕ್ಕೆ ಏಳುವವನು ಹೊತ್ತು ಹುಟ್ಟಿದರೂ ಗುಡಿಸಲಿನ ಬಾಗಿಲಲ್ಲಿ ಚಾಪೆಯ ಮೇಲೆ, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದ. ಅವ್ವ ಎಬ್ಬಿಸಲು ಬಂದಳು. ಬ್ಯಾಡ ಎಂದೆ. "ನಿಂದೇನು?" ಎಂದು ಬೈದು ಒಲೆಗೆ ಹೋದಳು. ನಾನು ಮುಖ ತೊಳೆಯದೆ ಅವನ ಪಕ್ಕದಲ್ಲಿ ಕುಳಿತೆ. ಕಣದ ಕಡೆಯಿಂದ ನೊಣ ಬರುತ್ತಿದ್ದವು. ಲಂಗದ ತುದಿಯಿಂದ ಓಡಿಸಿದೆ. ಬಿಸಿಲು ಗುಡಿಸಲಿನೊಳಗೆ ಬಂದು, ಅವನ ಪಾದದಿಂದ ಮೇಲೇರುತ್ತ ಮುಖದ ತನಕ ಬಂದಾಗ, ನಾನು ಸರಿದು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತೆ.